ಗ್ರಂಥಪಾಲಕರಿಗೂ ಪಾಠ ಮಾಡುವುದನ್ನು ಕಲಿಸೋಣ

ಎಲ್ಲರಿಗೂ ನಮಸ್ಕಾರ. ವಿಭಾಗದ ಮೇಷ್ಟ್ರುಗಳಿಗೆ, ಬೇರೆ ಬೇರೆ ಕಾಲೇಜುಗಳಿಂದ ಬಂದಿರುವ ಗ್ರಂಥಪಾಲಕ ಗೆಳೆಯರಿಗೆ, ಮುಖ್ಯವಾಗಿ ಗ್ರಂಥಾಲಯ ವಿಜ್ಞಾನದ ಎಂ.ಲಿಬ್. ಓದುತ್ತಿರುವ ನಿಮಗೆ.

ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ನಡೆದದ್ದನ್ನು ಹೇಳಿ ಶುರು ಮಾಡುತ್ತೇನೆ. ಆಂಧ್ರದ ಗಡಿಗೆ ಹತ್ತಿರದ ಊರು, ಒಂದು ಪದವಿ ಕಾಲೇಜು. ಬಿ.ಎ. ಮೊದಲ ವರ್ಷಕ್ಕೆ 90 ಮಕ್ಕಳು ಸೇರಿದ್ದರು. "ಲೈಬ್ರರಿ ಬಗ್ಗೆ ಒಂದು ಗಂಟೆ ಹೇಳಿಬಿಡಿ ಸಾರ್" ಅಂದರು ಪ್ರಿನ್ಸಿಪಾಲರು. ನಾನು ಹುಮ್ಮಸ್ಸಿನಿಂದ ಹೋದೆ. ವರ್ಗೀಕರಣ ಅಂದರೇನು, ಡ್ಯೂಯಿ ದಶಮಾಂಶ ಪದ್ಧತಿ ಹೇಗೆ ಬಂತು, 000ದಿಂದ 900ರವರೆಗೆ ಯಾವ ವಿಷಯ ಎಲ್ಲಿ, ಎಲ್ಲವನ್ನೂ ಬೋರ್ಡಿನ ತುಂಬ ಬರೆದೆ. ಮಕ್ಕಳು ಸದ್ದಿಲ್ಲದೆ ಬರೆದುಕೊಂಡರು. ಸದ್ದಿಲ್ಲ ಅಂದರೆ ಅರ್ಥ ಆಗಿದೆ ಅಂದುಕೊಂಡೆ.

ಮಾರನೆಯ ದಿನ ಒಬ್ಬಳು ಹುಡುಗಿ ಕೌಂಟರಿಗೆ ಬಂದಳು. ಕನ್ನಡ ಕಾದಂಬರಿ ಬೇಕು ಅಂದಳು. ಚೀಟಿಯಲ್ಲಿ ಆ ಪುಸ್ತಕಗಳ ಡ್ಯೂಯಿ ನಂಬರ್ 894.8143 ಎಂದು ಬರೆದುಕೊಟ್ಟೆ. ಕಾಲು ಗಂಟೆ ಕಳೆದು ವಾಪಸ್ ಬಂದಳು. "ಅಲ್ಲಿ ಬರೀ ತೆಲುಗು ಪುಸ್ತಕ ಇದಾವೆ ಸಾರ್" ಅಂದಳು. ನಾನೇ ಎದ್ದು ಹೋದೆ. ಅವಳು ತೆಲುಗಿನ 894.827 ಇದ್ದ ಸಾಲನ್ನೂ ದಾಟಿ, ಅದರ ಆಚೆ ಹುಡುಕುತ್ತಿದ್ದಳು. ಯಾಕಮ್ಮ ಇಲ್ಲಿ ಅಂದರೆ, "ಎಂಟುನೂರ ಇಪ್ಪತ್ತೇಳು ಆದಮೇಲೆ ತಾನೆ ಸಾರ್ ಎಂಟು ಸಾವಿರದ ನೂರ ನಲವತ್ಮೂರು ಬರೋದು?" ಎಂದು ಕೇಳಿದಳು.

ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಚುಕ್ಕೆಯ ನಂತರದ ಅಂಕಿಗಳನ್ನು ಒಂದೊಂದಾಗಿ ಓದಬೇಕು ಎಂದು ನಾನು ಹೇಳಿಯೇ ಇರಲಿಲ್ಲ. ನನಗೆ ಅದು ಹೇಳಬೇಕಾದ ವಿಷಯ ಅಂತಲೇ ಅನಿಸಿರಲಿಲ್ಲ. ವರ್ಗೀಕರಣದ ಪ್ರಾಕ್ಟಿಕಲ್‌ನಲ್ಲಿ ನನಗೆ ತರಗತಿಯಲ್ಲೇ ಹೆಚ್ಚು ಅಂಕ ಬಂದಿತ್ತು. ಎಂಥ ಪುಸ್ತಕ ಕೊಟ್ಟರೂ ನಂಬರ್ ಹಾಕುತ್ತಿದ್ದೆ. ಆದರೆ ಹೊಸಬರ ಕಾಲು ಎಲ್ಲಿ ಎಡವುತ್ತದೆ ಎಂದು ನೋಡುವುದನ್ನು ಎರಡು ವರ್ಷದಲ್ಲಿ ಯಾರೂ ಕಲಿಸಿರಲಿಲ್ಲ. ಇವೆರಡೂ ಬೇರೆ ಬೇರೆ ಕೆಲಸ. ಎರಡನೆಯದನ್ನೂ ನಮ್ಮ ಎಂ.ಲಿಬ್.ನಲ್ಲೇ ಕಲಿಸಬೇಕು. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ.

ಮುಂದಿನ ವರ್ಷ ನಾನು ಬೋರ್ಡಿನ ಹತ್ತಿರ ಹೋಗಲಿಲ್ಲ. ಹದಿನೈದು ಹದಿನೈದು ಮಕ್ಕಳನ್ನು ರ‍್ಯಾಕುಗಳ ನಡುವೆಯೇ ನಿಲ್ಲಿಸಿಕೊಂಡೆ. "ಡಿಕ್ಷನರಿಯಲ್ಲಿ 'ಕಮಲ' ಮೊದಲು ಬರುತ್ತೋ, 'ಕರ' ಮೊದಲು ಬರುತ್ತೋ?" ಎಂದು ಕೇಳಿದೆ. ಕಮಲ ಅಂದರು. "ಕಮಲದಲ್ಲಿ ಅಕ್ಷರ ಜಾಸ್ತಿ ಇದೆಯಲ್ಲ, ಹಿಂದಕ್ಕೆ ಹೋಗಬೇಕಲ್ವಾ?" ಅಂದೆ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ನಾನೂ ಸುಮ್ಮನೆ ಕಾದೆ. ಆಮೇಲೆ ಹಿಂದಿನಿಂದ ಒಬ್ಬ ಹುಡುಗ, "ಇಲ್ಲ ಸಾರ್, ಎರಡನೇ ಅಕ್ಷರ ನೋಡಬೇಕು, ರ-ಗಿಂತ ಮ ಮುಂಚೆ ಬರುತ್ತೆ" ಅಂದ. ಚುಕ್ಕೆಯ ಆಚೆಯ ಅಂಕಿಯನ್ನೂ ಹಾಗೇ ಓದಿ ಎಂದು ಚೀಟಿಗಳನ್ನು ಹಂಚಿದೆ. ಅವತ್ತು ಅವರೇ ಹುಡುಕಿ ತಂದರು.

ಆ ಪಾಠ ನನಗೆ ಹೊಳೆಯಲು ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಎಷ್ಟು ಮಕ್ಕಳು ರ‍್ಯಾಕಿನ ತನಕ ಬಂದು ಬರಿಗೈಲಿ ಹೋದರೋ. ಅದು ಈಗಲೂ ನನ್ನನ್ನು ಕಾಡುತ್ತದೆ.

ನಮ್ಮ ವೃತ್ತಿಯ ಹಿರಿಯರನ್ನು ನೆನೆಯಿರಿ. ಎಸ್. ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1917ರಲ್ಲಿ ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಶುರು ಮಾಡಿದವರು. ಆಮೇಲೆ ಕೊಯಮತ್ತೂರು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದು 1924ರಲ್ಲಿ. 1931ರಲ್ಲಿ ಪ್ರಕಟವಾದ ಅವರ ಗ್ರಂಥಾಲಯದ ಐದು ಸೂತ್ರಗಳನ್ನು ನೀವು ಬಾಯಿಪಾಠ ಮಾಡಿದ್ದೀರಿ. ಈ ಸಲ ಅವುಗಳನ್ನು ಮೇಷ್ಟ್ರು ಬರೆದ ಮಾತು ಎಂದುಕೊಂಡು ಓದಿ ನೋಡಿ. ಓದುಗರ ಸಮಯ ಉಳಿಸಿ ಎಂಬ ನಾಲ್ಕನೆಯ ಸೂತ್ರ ತರಗತಿಯಲ್ಲಿ ಮಕ್ಕಳ ಮುಖ ನೋಡಿ ಬಲ್ಲವರ ಮಾತು ಅಂತ ನನಗೆ ಅನಿಸುತ್ತದೆ. 1962ರಲ್ಲಿ ಅವರು ಬೆಂಗಳೂರಿನಲ್ಲಿ ಡಿ.ಆರ್.ಟಿ.ಸಿ. ಎಂಬ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿ, ಕೊನೆಯವರೆಗೂ ಇಲ್ಲೇ ಕಲಿಸಿದರು. ನಾವು ಅವರಿಂದ ವರ್ಗೀಕರಣವನ್ನು ಪಡೆದೆವು. ಅವರಲ್ಲಿದ್ದ ಮೇಷ್ಟ್ರನ್ನು ಮಾತ್ರ ಸಿಲಬಸ್‌ನಿಂದ ಹೊರಗೆ ಬಿಟ್ಟೆವು.

ಈಗ ಕೆಲಸ ಹೇಗಿದೆ ನೋಡಿ. 2018ರ ಯುಜಿಸಿ ನಿಯಮದ ಪ್ರಕಾರ ಪ್ರಬಂಧದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ 10 ಪರ್ಸೆಂಟ್ ದಾಟಿದರೆ ತೊಂದರೆ ಶುರು. 2019ರ ಕೊನೆಗೆ ಪಿಎಚ್.ಡಿ. ಮಾಡುವವರಿಗೆಲ್ಲ ಸಂಶೋಧನೆ ಮತ್ತು ಪ್ರಕಟಣೆಯ ನೀತಿಯ ಬಗ್ಗೆ 2 ಕ್ರೆಡಿಟ್, 30 ಗಂಟೆಯ ಕೋರ್ಸು ಬಂತು. ಅದರಲ್ಲಿ ಡೇಟಾಬೇಸ್, ಸೈಟೇಶನ್, ಹೋಲಿಕೆ ತಪಾಸಣೆಯ ಪಾಠ ಎಷ್ಟೋ ಕಡೆ ಲೈಬ್ರರಿಯವರ ಪಾಲಿಗೇ ಬರುತ್ತದೆ. "ಸಾರ್, 34 ಪರ್ಸೆಂಟ್ ಬಂದಿದೆ, ಕಡಿಮೆ ಮಾಡಿಕೊಡಿ" ಎಂದು ಸಂಶೋಧಕರು ಬರುತ್ತಾರೆ. ಕಡಿಮೆ ಮಾಡಿಕೊಡುವ ಗುಂಡಿ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಬೇರೆಯವರ ವಿಚಾರವನ್ನು ಸ್ವಂತ ಮಾತಿನಲ್ಲಿ ಹೇಗೆ ಹೇಳುವುದು, ಅವರ ಹೆಸರನ್ನು ಎಲ್ಲಿ ಹೇಳುವುದು ಎಂದು ಕಲಿಸಬೇಕು. ಅದು ಅಪ್ಪಟ ಮೇಷ್ಟ್ರ ಕೆಲಸ. ಹಳ್ಳಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಥೆ ಓದಿಸುವವರೂ ಅದನ್ನೇ ಮಾಡುತ್ತಿದ್ದಾರೆ.

ಹೊರಗಿನ ಉದಾಹರಣೆ ಬೇಕಾದರೆ, ಅಮೆರಿಕದ ಕಾಲೇಜು ಗ್ರಂಥಾಲಯಗಳ ಸಂಘ 2017ರಲ್ಲಿ ಪಾಠ ಮಾಡುವ ಗ್ರಂಥಪಾಲಕರಿಗೆ ಏಳು ಪಾತ್ರಗಳಿವೆ ಎಂದು ಪಟ್ಟಿ ಮಾಡಿತು. ಅಲ್ಲೂ ಈ ವಿಷಯ ಬಹಳ ಕಡೆ ಐಚ್ಛಿಕವೇ. ಆದರೆ ನಮಗೆ ಅಷ್ಟು ದೂರ ಹೋಗುವ ಅಗತ್ಯ ಇಲ್ಲ. ಪಕ್ಕದ ಬಿ.ಎಡ್. ಕಾಲೇಜಿಗೆ ಹೋಗಿ ಬಂದರೆ ಸಾಕು.

ಅಲ್ಲಿ ಮೈಕ್ರೋ ಟೀಚಿಂಗ್ ಅಂತ ಮಾಡಿಸುತ್ತಾರೆ. ಆರು ಮಿನಿಟು, ಒಂದೇ ಒಂದು ಕೌಶಲ. ಇವತ್ತು ಪ್ರಶ್ನೆ ಕೇಳುವುದು ಅಂದರೆ ಅದಷ್ಟೇ. ನಾಳೆ ಉದಾಹರಣೆ ಕೊಡುವುದು. ಜೊತೆಯವರೇ ಕೂತು ನೋಡುತ್ತಾರೆ, ಕುಂದುಕೊರತೆ ಹೇಳುತ್ತಾರೆ. ಅದನ್ನು ತಿದ್ದಿಕೊಂಡು ಅದೇ ಪಾಠವನ್ನು ಇನ್ನೊಮ್ಮೆ ಮಾಡಬೇಕು. ಈ ಎರಡನೇ ಸಲವೇ ಜೀವಾಳ. ಬಹಳ ಜನ ಪ್ರಶ್ನೆ ಕೇಳಿ, ಎರಡು ಸೆಕೆಂಡ್ ಕಾಯದೆ ತಾವೇ ಉತ್ತರ ಹೇಳಿಬಿಡುತ್ತಾರೆ. ಜೊತೆಯವರು ಹೇಳುವ ತನಕ ನಮಗೆ ಅದು ಗೊತ್ತೇ ಆಗುವುದಿಲ್ಲ. ನನಗೂ ಗೊತ್ತಾಗಿರಲಿಲ್ಲ.

ಸಿಲಬಸ್‌ನಲ್ಲಿ ಜಾಗ ಎಲ್ಲಿದೆ ಎಂದು ಮೇಷ್ಟ್ರುಗಳು ಕೇಳುತ್ತೀರಿ. ಕ್ಯಾಟಲಾಗಿಂಗ್ ಪ್ರಾಕ್ಟಿಕಲ್‌ನಿಂದ ವಾರಕ್ಕೆ ಒಂದು ಗಂಟೆ ತೆಗೆಯಿರಿ ಎನ್ನುತ್ತೇನೆ ನಾನು. ಕ್ಯಾಟಲಾಗಿಂಗ್ ಬೇಡ ಅಂತಲ್ಲ, ಅದು ನಮ್ಮ ಬೇರು. ಆದರೆ ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಇಂಗ್ಲಿಷ್ ಪುಸ್ತಕಗಳಲ್ಲಿ ಬಹುಪಾಲಿನ ವಿವರ ಬೇರೆ ಲೈಬ್ರರಿಯಿಂದ ಸಿದ್ಧವಾಗಿ ಇಳಿಯುತ್ತದೆ. ಎದುರಿಗೆ ನಿಂತ ಹುಡುಗಿಯ ಗೊಂದಲಕ್ಕೆ ಸಿದ್ಧ ಉತ್ತರ ಎಲ್ಲಿಂದಲೂ ಇಳಿಯುವುದಿಲ್ಲ.

ನಿಮ್ಮ ಮೇಷ್ಟ್ರುಗಳ ಒಪ್ಪಿಗೆ ಪಡೆದು ಮಧ್ಯಾಹ್ನದ ಸೆಷನ್ ಹೀಗೆ ಮಾಡಿದ್ದೇನೆ. ಊಟ ಆದಮೇಲೆ ಎಲ್ಲರೂ ಕೆಳಗೆ ರ‍್ಯಾಕುಗಳ ಹತ್ತಿರ ಬನ್ನಿ. ಒಬ್ಬೊಬ್ಬರಿಗೆ ಒಂದು ಚೀಟಿ, ಆರು ಮಿನಿಟು. ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಒಂದು ಪ್ರಬಂಧ ಹುಡುಕುವುದು, ಪುಸ್ತಕದ ಸೂಚಿ ಬಳಸುವುದು, ಚುಕ್ಕೆಯ ಆಚೆಯ ಅಂಕಿ ಓದುವುದು, ಇಂಥ ಸಣ್ಣ ಸಣ್ಣ ವಿಷಯಗಳು. ಬಿ.ಎ. ಮೊದಲ ವರ್ಷದ ಎಂಟು ಮಕ್ಕಳು ಬರಲು ಒಪ್ಪಿದ್ದಾರೆ. ಅವರು ಈ ಲೈಬ್ರರಿಯೊಳಗೆ ಇನ್ನೂ ಕಾಲಿಟ್ಟಿಲ್ಲ. ಪಾಠ ಮುಗಿದ ಮೇಲೆ ಅವರು ರ‍್ಯಾಕಿನ ಕಡೆ ನಡೆಯುವಾಗ ನೀವು ಯಾರೂ ಮಾತಾಡಬೇಡಿ. ಎಲ್ಲಿ ನಿಲ್ಲುತ್ತಾರೆ ಎಂದು ನೋಡಿ, ಬರೆದುಕೊಳ್ಳಿ. ಮೂರು ಗಂಟೆಗೆ ಅದೇ ಪಾಠವನ್ನು ಎರಡನೇ ಸಲ ಮಾಡುತ್ತೀರಿ.