ಕೂದಲು ಕಸಿಗೆ ಹೊರಟವರ ತಲೆಗೆ ಬ್ಲೇಡ್ ಇಡುವ ಮುನ್ನ

ಎಲ್ಲರಿಗೂ ನಮಸ್ಕಾರ. ಹಾಸನ, ಅರಸೀಕೆರೆ, ಸಕಲೇಶಪುರದಲ್ಲಿ ಸಲೂನ್ ನಡೆಸುವ ಗೆಳೆಯರೇ ಇಲ್ಲಿ ಜಾಸ್ತಿ ಇದ್ದೀರಿ. ಹಾಗಾಗಿ ನಮ್ಮ ಅಂಗಡಿಯಲ್ಲೇ ನಡೆದ ವಿಷಯದಿಂದ ಶುರು ಮಾಡುತ್ತೇನೆ.

ನಮ್ಮ ಹಳೇ ಗಿರಾಕಿ ಒಬ್ಬ ಹುಡುಗ. ಬೆಂಗಳೂರಿನಲ್ಲಿ ಕೂದಲು ಕಸಿಗೆ ದಿನ ಗೊತ್ತಾಗಿತ್ತು. "ಅಣ್ಣಾ, ಅಲ್ಲಿ ಹೇಗೂ ಬೋಳಿಸ್ತಾರೆ. ಮೊದಲೇ ಧರ್ಮಸ್ಥಳದಲ್ಲಿ ಮುಡಿ ಕೊಟ್ಟು ಹೋಗಲಾ?" ಅಂದ. ಹೋಗು ಅಂದೆ. ಮುಡಿ ಕೊಟ್ಟ ಮಾರನೇ ದಿನವೇ ಆಸ್ಪತ್ರೆಗೆ ಹೋದ. ಡಾಕ್ಟರು ತಲೆ ಮುಟ್ಟಿ ನೋಡಿ, ಸ್ವಲ್ಪ ಬೆಳೆಸಿಕೊಂಡು ಬಾ ಅಂತ ವಾಪಸ್ ಕಳಿಸಿದರು. ರಜೆ ಹಾಕಿದ್ದು, ಓಡಾಡಿದ್ದು ಎಲ್ಲ ದಂಡ. ಗೊತ್ತಿಲ್ಲದೆ ಹೇಳಿದ ಆ ಒಂದು ಮಾತು ನನ್ನನ್ನು ಬಹಳ ದಿನ ಚುಚ್ಚಿತು.

ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಎಫ್‌ಯುಇ ಅನ್ನುವ ವಿಧಾನದಲ್ಲಿ ತಲೆಯ ಹಿಂಭಾಗದಿಂದ ಒಂದೊಂದೇ ಬೇರಿನ ಗುಚ್ಛ ತೆಗೆದು ಕೂದಲು ಇಲ್ಲದ ಕಡೆ ನೆಡುತ್ತಾರೆ. ಆ ಗುಚ್ಛವನ್ನೇ ಗ್ರಾಫ್ಟ್ ಅನ್ನುವುದು. ಒಂದರಲ್ಲಿ 1ರಿಂದ 4 ಕೂದಲು ಇರುತ್ತವೆ. ತೆಗೆಯುವ ಮುಂಚೆ ಹಿಂಭಾಗದ ಕೂದಲನ್ನು ಸುಮಾರು 1 ಮಿಲಿಮೀಟರ್ ಉಳಿಸಿ ಕತ್ತರಿಸಬೇಕು. ಆ ಮೊಟಕು ಕೂದಲು ಯಾವ ಕಡೆ ವಾಲಿದೆ ಅಂತ ನೋಡಿಯೇ ಡಾಕ್ಟರು ಒಳಗಿನ ಬೇರು ಹಿಡಿಯುವುದು. ಬ್ಲೇಡ್ ಹಾಕಿ ನುಣ್ಣಗೆ ಮಾಡಿದರೆ ಆ ಗುರುತೇ ಹೋಗುತ್ತದೆ. ಉದ್ದ ಬಿಟ್ಟರೆ ಉಪಕರಣಕ್ಕೆ ಸುತ್ತಿಕೊಳ್ಳುತ್ತದೆ. ಭತ್ತದ ನಾಟಿಗೆ ಮುಂಚೆ ಸಸಿಯ ತುದಿ ಕತ್ತರಿಸುತ್ತೇವಲ್ಲ? ತುದಿ ಮಾತ್ರ, ಬುಡದವರೆಗೆ ಅಲ್ಲ.

ಇನ್ನೊಂದು ವಿಧಾನ ಎಫ್‌ಯುಟಿ. ಹಿಂಭಾಗದಿಂದ ಚರ್ಮದ ಒಂದು ಪಟ್ಟಿಯನ್ನೇ ತೆಗೆದು ಹೊಲಿಯುತ್ತಾರೆ. ಇದಕ್ಕೆ ಕೂದಲು ಬೆಳೆಸಿರುವುದೇ ಒಳ್ಳೆಯದು, ಮೇಲಿನ ಕೂದಲು ಇಳಿಬಿದ್ದು ಹೊಲಿಗೆ ಮುಚ್ಚುತ್ತದೆ. ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ತಲೆ ಪೂರ್ತಿ ಬೋಳಿಸುವುದಿಲ್ಲ. ಬೋಳಿಸದೆ ಮಾಡುವ ಎಫ್‌ಯುಇ ಕೂಡ ಉಂಟು. ಅದಕ್ಕೆ ಹೊತ್ತು ಜಾಸ್ತಿ, ದುಡ್ಡೂ ಜಾಸ್ತಿ.

ಹಾಗಾದರೆ ನಮ್ಮ ಕೆಲಸ ಏನು? ಏನೂ ಮಾಡದಿರುವುದು. ಮೊದಲ ಸಲ ತೋರಿಸಲು ಹೋಗುವಾಗ ಕೂದಲು ಇದ್ದ ಹಾಗೇ ಇರಲಿ. ಎಲ್ಲಿ ತೆಳುವಾಗಿದೆ, ಹಿಂದೆ ಎಷ್ಟು ದಟ್ಟ ಇದೆ ಅಂತ ಡಾಕ್ಟರಿಗೆ ಕಾಣಬೇಕು. ಕಸಿಯ ದಿನ ಅವರೇ ಬೇಕಾದಷ್ಟು ಕತ್ತರಿಸುತ್ತಾರೆ. ಹಿಂದಿನ ದಿನ ನಮ್ಮ ಬ್ಲೇಡ್ ತಾಗಿ ಗಾಯವಾದರೆ, ಗುಳ್ಳೆ ಎದ್ದರೆ ದಿನವೇ ಮುಂದೆ ಹೋಗಬಹುದು. ಹರಕೆ ಇದೆ ಅನ್ನುವವರಿಗೆ ಎರಡು ತಿಂಗಳು ಮುಂಚೆಯೇ ತೀರಿಸಿಬಿಡಿ ಅನ್ನಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ಎಫ್‌ಯುಇಗೆ ಅಷ್ಟು ಧಾರಾಳ ಸಾಕು. ಆದರೂ ಡಾಕ್ಟರನ್ನು ಒಂದು ಮಾತು ಕೇಳಲಿ.

ಕಸಿ ಆದಮೇಲೂ ಜನ ನಮ್ಮ ಹತ್ತಿರವೇ ಬರುತ್ತಾರೆ. ನಾಟಿ ಮಾಡಿದ ಕೂದಲು ಕೆಲವೇ ವಾರಗಳಲ್ಲಿ ಉದುರುತ್ತದೆ, ಆಗ ಗಾಬರಿಯಿಂದ ಓಡಿ ಬರುತ್ತಾರೆ. ಬೇರು ಒಳಗೇ ಇದೆ, 3-4 ತಿಂಗಳಿಗೆ ಮತ್ತೆ ಮೊಳೆಯುತ್ತದೆ, ಪೂರ್ತಿ ಕಾಣಲು ವರ್ಷ ಬೇಕು ಅಂತ ಸಮಾಧಾನ ಹೇಳಿ. ಡಾಕ್ಟರು ಸರಿ ಅನ್ನುವ ತನಕ ಆ ಜಾಗಕ್ಕೆ ಝೀರೋ ಮೆಷಿನ್ ಇಡಬೇಡಿ, ಮಸಾಜೂ ಬೇಡ.

ಆ ಹುಡುಗ ಮೂರು ವಾರ ಬಿಟ್ಟು ಮತ್ತೆ ಹೋಗಿ ಕಸಿ ಮಾಡಿಸಿಕೊಂಡ. ವರ್ಷದ ಮೇಲೆ ಒಂದು ಭಾನುವಾರ ಅಂಗಡಿಗೆ ಬಂದ. ಕುರ್ಚಿಯಲ್ಲಿ ಕೂತು, "ಅಣ್ಣಾ, ಮುಂದೆ ಜಾಸ್ತಿ ತೆಗೀಬೇಡ, ಎಡಕ್ಕೆ ಬೈತಲೆ ತೆಗಿ" ಅಂದ.