ಒಡೆದ ಪಕ್ಷಕ್ಕೆ ಹೊಸ ಗುರುತು

ಕೇಳುಗರಿಗೆ ನಮಸ್ಕಾರ.

2012ರ ಡಿಸೆಂಬರ್ 9. ಹಾವೇರಿಯಲ್ಲಿ ಬಿ.ಎಸ್. ಯಡಿಯೂರಪ್ಪ ಅವರ ಕರ್ನಾಟಕ ಜನತಾ ಪಕ್ಷದ, ಅಂದರೆ ಕೆಜೆಪಿಯ, ಸಮಾವೇಶ. ಒಂಬತ್ತು ದಿನ ಮೊದಲು, ನವೆಂಬರ್ 30ರಂದು, ಅವರು ಬಿಜೆಪಿಗೂ ಶಾಸಕ ಸ್ಥಾನಕ್ಕೂ ರಾಜೀನಾಮೆ ಕೊಟ್ಟಿದ್ದರು. ವಿಧಾನಸಭೆಗೆ ಮತದಾನ ನಡೆದದ್ದು 2013ರ ಮೇ 5ಕ್ಕೆ. ಆ ಮೈದಾನದಿಂದ ಮತಗಟ್ಟೆಯವರೆಗಿನ ಐದು ತಿಂಗಳಲ್ಲಿ ಒಡೆದು ಹುಟ್ಟಿದ ಪಕ್ಷವೊಂದು ಏನೇನು ಮಾಡಿಕೊಳ್ಳಬೇಕು, ಎಲ್ಲಿ ಎಡವುತ್ತದೆ ಎಂಬುದು ಇವತ್ತಿನ ಮಾತು.

ಪಕ್ಷ ಬಿಟ್ಟವರು ಹಳೆಯ ಗುರುತನ್ನು ಯಾಕೆ ಕೇಳುವುದಿಲ್ಲ? ಕೇಳಬಹುದು. 1968ರ ಚುನಾವಣಾ ಚಿಹ್ನೆಗಳ ಆದೇಶದ 15ನೇ ಪ್ಯಾರಾ ಇರುವುದೇ ಅದಕ್ಕೆ. ಎರಡು ಬಣಗಳು ತಾವೇ ಅಸಲಿ ಎಂದು ಬಂದರೆ ಚುನಾವಣಾ ಆಯೋಗ ತೀರ್ಮಾನ ಕೊಡುತ್ತದೆ. 1969ರಲ್ಲಿ ಕಾಂಗ್ರೆಸ್ ಒಡೆದಾಗ, ನಮ್ಮ ಎಸ್. ನಿಜಲಿಂಗಪ್ಪನವರು ಒಂದು ಬಣದ ಮುಂದಾಳು, ಇಂದಿರಾ ಗಾಂಧಿ ಇನ್ನೊಂದರ ಮುಂದಾಳು. ಜಗಳ ಜೋಡೆತ್ತಿನ ಗುರುತಿಗೆ. 1971ರಲ್ಲಿ ಸಾದಿಕ್ ಅಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಬಹುಮತದ ಅಳತೆಗೋಲನ್ನು ಒಪ್ಪಿತು: ಪಕ್ಷದ ಸಂಘಟನೆಯಲ್ಲಿ ಎಷ್ಟು ಮಂದಿ, ಶಾಸಕರು ಮತ್ತು ಸಂಸದರಲ್ಲಿ ಎಷ್ಟು ಮಂದಿ. ತಲೆ ಎಣಿಸಿದಾಗ ಕಡಿಮೆ ಬೀಳುವ ಬಣಕ್ಕೆ ಈ ದಾರಿ ಮುಚ್ಚಿದೆ. ಹೊಸ ಹೆಸರು, ಹೊಸ ಗುರುತು ಹುಡುಕಲೇಬೇಕು.

ಶಾಸಕರ ಪಾಡು ಇನ್ನೂ ಬಿಗಿ. 1985ರ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಮೂರರಲ್ಲಿ ಒಂದು ಪಾಲು ಶಾಸಕರು ಹೊರಬಂದರೆ ಅದನ್ನು 'ಒಡಕು' ಎಂದು ಒಪ್ಪುವ ಅವಕಾಶವಿತ್ತು. 2003ರ 91ನೇ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಈಗ ಉಳಿದದ್ದು ವಿಲೀನ ಮಾತ್ರ, ಅದಕ್ಕೆ ಮೂರರಲ್ಲಿ ಎರಡು ಪಾಲು ಬೇಕು. ಅಷ್ಟು ಮಂದಿ ಇಲ್ಲದವರು ರಾಜೀನಾಮೆ ಕೊಟ್ಟೇ ಹೋಗಬೇಕು. 2013ರ ಜನವರಿಯಲ್ಲಿ ಹಾನಗಲ್ಲಿನ ಸಿ.ಎಂ. ಉದಾಸಿ, ಶೋಭಾ ಕರಂದ್ಲಾಜೆ ಸೇರಿ ಹಲವು ಶಾಸಕರು ಮಾಡಿದ್ದು ಅದನ್ನೇ.

ಇನ್ನು ನೋಂದಣಿ. ಜನತಾ ಪ್ರಾತಿನಿಧ್ಯ ಕಾಯ್ದೆಯ 29ಎ ಕಲಮಿನ ಪ್ರಕಾರ ಪಕ್ಷ ಹುಟ್ಟಿದ 30 ದಿನದೊಳಗೆ ಆಯೋಗಕ್ಕೆ ಅರ್ಜಿ ಹಾಕಬೇಕು. ಪಕ್ಷದ ನಿಯಮಾವಳಿ, ಮತದಾರರಾಗಿರುವ ಕನಿಷ್ಠ 100 ಸದಸ್ಯರ ವಿವರ, ಶುಲ್ಕ ಜೊತೆಗಿರಬೇಕು. ಆಮೇಲೆ ಪತ್ರಿಕೆಗಳಲ್ಲಿ ಪ್ರಕಟಣೆ, ಆಕ್ಷೇಪಣೆಗೆ ಕಾಲಾವಕಾಶ. ಹೀಗೆ ತಿಂಗಳುಗಳೇ ಉರುಳುತ್ತವೆ. ಚುನಾವಣೆ ಹೊಸ್ತಿಲಲ್ಲಿದ್ದಾಗ ಅದಕ್ಕೆ ಪುರುಸೊತ್ತಿರುವುದಿಲ್ಲ. ಹಾಗಾಗಿ ಮೊದಲೇ ನೋಂದಣಿಯಾಗಿ ಮೂಲೆಯಲ್ಲಿ ಕೂತ ಪಕ್ಷವೊಂದನ್ನು ಹುಡುಕಿ ಅದರೊಳಗೆ ಸೇರಿಕೊಳ್ಳುವುದು ರೂಢಿ. ಕರ್ನಾಟಕ ಜನತಾ ಪಕ್ಷವೂ ಯಡಿಯೂರಪ್ಪ ಬರುವ ಮೊದಲೇ ನೋಂದಣಿಯಾಗಿತ್ತು. ಇಂಥ ಅಡ್ಡದಾರಿಯಲ್ಲಿ ಒಂದು ಮುಳ್ಳಿದೆ: ದಾಖಲೆಯಲ್ಲಿ ಅಧ್ಯಕ್ಷರಾಗಿದ್ದವರು ನಾಳೆ ತಿರುಗಿ ನಿಂತರೆ, 'ಇವರೇ ನಮ್ಮ ಅಭ್ಯರ್ಥಿ' ಎಂದು ಪಕ್ಷ ಬರೆದುಕೊಡುವ ಬಿ ಫಾರಂಗೆ ಸಹಿ ಯಾರದು ಎಂಬ ತಕರಾರು ಏಳುತ್ತದೆ. ಪದಾಧಿಕಾರಿಗಳ ಬದಲಾವಣೆಯನ್ನು ಪಕ್ಷದ ನಿಯಮಾವಳಿ ಹೇಳಿದ ಸಭೆಯಲ್ಲೇ ಮಾಡಿ, ಠರಾವಿನ ಪ್ರತಿ ಆಯೋಗಕ್ಕೆ ತಲುಪಿಸುವುದು ಎಲ್ಲಕ್ಕಿಂತ ಮೊದಲ ಕೆಲಸ.

ನೋಂದಣಿಯಾಗಿದ್ದರೂ ಆಯೋಗದ ಮಾನ್ಯತೆ ಇಲ್ಲದ ಪಕ್ಷಕ್ಕೆ ಕಾಯಂ ಗುರುತಿಲ್ಲ. ಶೇ. 5ರಷ್ಟು ಕ್ಷೇತ್ರಗಳಲ್ಲಾದರೂ ಅಭ್ಯರ್ಥಿ ನಿಲ್ಲಿಸುವುದಾಗಿ ಅರ್ಜಿ ಕೊಟ್ಟರೆ, ಮುಕ್ತ ಚಿಹ್ನೆಗಳಲ್ಲಿ ಒಂದನ್ನು ಎಲ್ಲ ಕಡೆ ಸಮಾನವಾಗಿ ಕೊಡುತ್ತಾರೆ. ಕೆಜೆಪಿಗೆ ಸಿಕ್ಕದ್ದು ತೆಂಗಿನಕಾಯಿ. ಒಳ್ಳೆಯ ಗುರುತೇ, ದೇವರ ಮುಂದೆ ಒಡೆಯುವ ಕಾಯಿಯನ್ನು ಯಾರಿಗೂ ವಿವರಿಸಬೇಕಿಲ್ಲ. ಆದರೆ ಮತಯಂತ್ರದ ಮೇಲೆ ಅದು ಎಲ್ಲಿ ಕೂತಿರುತ್ತದೆ ನೋಡಿ. ಮೊದಲು ಮಾನ್ಯತೆ ಪಡೆದ ಪಕ್ಷಗಳವರು, ಅವರ ಕೆಳಗೆ ನೋಂದಾಯಿತ ಪಕ್ಷಗಳವರು, ಕೊನೆಗೆ ಪಕ್ಷೇತರರು. ವರ್ಷಗಟ್ಟಲೆ ಕಮಲ ಒತ್ತಿದ ಅಜ್ಜಿಯ ಬೆರಳು ಮೇಲಿನ ಸಾಲಿಗೇ ಹೋಗುತ್ತದೆ. ಮನಸ್ಸು ಬದಲಾಗಿದ್ದರೂ ಕೈಯ ರೂಢಿ ಬದಲಾಗಲು ದಿನ ಬೇಕು. ಮಾದರಿ ಮತಪತ್ರ ಹಿಡಿದು ಮನೆಮನೆಗೆ ಹೋಗಿ 'ಇಷ್ಟನೇ ನಂಬರು' ಎಂದು ತೋರಿಸದ ಪಕ್ಷಕ್ಕೆ ನಷ್ಟವಾಗುವುದು ಇಲ್ಲಿ.

ನಾಮಪತ್ರದಲ್ಲೂ ವ್ಯತ್ಯಾಸವಿದೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಉಳಿದವರಿಗೆ ಅದೇ ಕ್ಷೇತ್ರದ 10 ಮತದಾರರು ಬೇಕು. ಹತ್ತರಲ್ಲಿ ಒಬ್ಬರ ಹೆಸರು ಪಕ್ಕದ ಕ್ಷೇತ್ರದ ಪಟ್ಟಿಯಲ್ಲಿದ್ದರೆ ಪರಿಶೀಲನೆ ದಿನ ನಾಮಪತ್ರವೇ ಬಿದ್ದುಹೋಗುತ್ತದೆ. ಬಿ ಫಾರಂಗೆ ಸಹಿ ಹಾಕುವವರು ಯಾರೆಂದು ಪಕ್ಷ ತಿಳಿಸುವ ಎ ಫಾರಂ, ಜೊತೆಗೆ ಬಿ ಫಾರಂ, ಎರಡೂ ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿಯ ಕೈ ಸೇರಬೇಕು. ಸಹಿ ಶಾಯಿಯಲ್ಲೇ ಇರಬೇಕು. ಮುದ್ರೆಯ ಸಹಿ, ಜೆರಾಕ್ಸ್ ನಡೆಯುವುದಿಲ್ಲ. ಟಿಕೆಟ್ ಗದ್ದಲ ಕೊನೆಯ ರಾತ್ರಿವರೆಗೂ ಎಳೆದರೆ ಬೆಂಗಳೂರಿನಿಂದ ಹೊರಟ ಫಾರಂ ಸವಣೂರಿಗೋ ರೋಣಕ್ಕೋ ಹೊತ್ತಿಗೆ ಮುಟ್ಟೀತೇ?

ನನ್ನ ಎಣಿಕೆಯಲ್ಲಿ ಇವೆಲ್ಲಕ್ಕಿಂತ ಕಷ್ಟದ್ದು ಬೂತು. ರಾಜ್ಯದಲ್ಲಿ ಆಗ 50 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿದ್ದವು. ಪ್ರತಿ ಮತಗಟ್ಟೆಗೆ ಒಬ್ಬ ಏಜೆಂಟು, ಅವನು ಎದ್ದುಹೋದಾಗ ಬದಲಿಯಾಗಿ ಕೂರಲು ಇನ್ನಿಬ್ಬರು. ಸಾಮಾನ್ಯವಾಗಿ ಆ ಭಾಗದ ಮತದಾರರೇ ಆಗಿರಬೇಕು. ಬೆಳಿಗ್ಗೆ ಅಣಕು ಮತದಾನ ನೋಡುವುದು, ನಕಲಿ ಮತದಾರರನ್ನು ಗುರುತಿಸುವುದು, ಸಂಜೆ ಎಷ್ಟು ಮತ ಬಿತ್ತೆಂದು ಬರೆದ 17ಸಿ ನಮೂನೆಯ ಪ್ರತಿ ಪಡೆದು ಜೋಪಾನ ಮಾಡುವುದು ಅವನ ಕೆಲಸ. ಎಣಿಕೆ ದಿನ ಮತಯಂತ್ರದ ಮೊತ್ತವನ್ನು ತಾಳೆ ನೋಡಲು ಇರುವುದು ಆ ಒಂದು ಹಾಳೆ. ನಾಯಕ ಪಕ್ಷ ಬಿಟ್ಟ ಕೂಡಲೇ ಈ ಏಜೆಂಟರೆಲ್ಲ ಹಿಂದೆ ಬರುವುದಿಲ್ಲ. ಒಬ್ಬನಿಗೆ ಪಂಚಾಯಿತಿ ಸದಸ್ಯತ್ವ, ಇನ್ನೊಬ್ಬನಿಗೆ ಸೊಸೈಟಿಯ ಸಾಲ, ಮತ್ತೊಬ್ಬನಿಗೆ ಅಣ್ಣತಮ್ಮಂದಿರ ಮಾತು. ಊರಲ್ಲಿ ಅರ್ಧ ಮಂದಿ ಆಕಡೆ, ಅರ್ಧ ಈಕಡೆ ಆದಾಗ ಎರಡೂ ಕಡೆ ಬೂತು ಬಡವಾಗುತ್ತದೆ.

ಲೆಕ್ಕ ಹಾಗೇ ಬಂತು. 2008ರಲ್ಲಿ ಬಿಜೆಪಿಗೆ 110 ಸ್ಥಾನ, ಸುಮಾರು ಶೇ. 34 ಮತ. 2013ರಲ್ಲಿ 40 ಸ್ಥಾನ, ಶೇ. 20ರ ಹತ್ತಿರ. ಕೆಜೆಪಿಗೆ ಶೇ. 10ಕ್ಕೆ ತುಸು ಕಡಿಮೆ ಮತ, ಸ್ಥಾನ 6. ಹಾಗೆಯೇ ಬಿಜೆಪಿ ಬಿಟ್ಟು ಬಂದಿದ್ದ ಬಿ. ಶ್ರೀರಾಮುಲು ಅವರ ಬಿಎಸ್ಆರ್ ಕಾಂಗ್ರೆಸ್ಸಿಗೆ 4. ಈ ಮೂವರ ಮತ ಕೂಡಿಸಿದರೆ ಹಳೆಯ ಮೊತ್ತದ ಹತ್ತಿರಕ್ಕೇ ಬರುತ್ತದೆ. ಮತ ಎಲ್ಲೂ ಹೋಗಲಿಲ್ಲ, ಹಂಚಿಹೋಯಿತು. 122 ಸ್ಥಾನ ಗೆದ್ದು ಕಾಂಗ್ರೆಸ್ ಅಧಿಕಾರಕ್ಕೆ ಬಂತು. 2008ರಲ್ಲಿ ಬಿಜೆಪಿಗೆ ಒಲಿದಿದ್ದ ಗದಗ ಜಿಲ್ಲೆಯ ನಾಲ್ಕೂ ಕ್ಷೇತ್ರ ಕಾಂಗ್ರೆಸ್ ಪಾಲಾದವು. ಹಾವೇರಿ ಜಿಲ್ಲೆಯ ಆರರಲ್ಲಿ ನಾಲ್ಕು ಕಾಂಗ್ರೆಸ್ಸಿಗೆ, ಶಿಗ್ಗಾಂವಿ ಬಿಜೆಪಿಗೆ. ಸಮಾವೇಶ ನಡೆದ ಜಿಲ್ಲೆಯಲ್ಲೇ ತೆಂಗಿನಕಾಯಿಗೆ ದಕ್ಕಿದ್ದು ಹಿರೇಕೆರೂರು ಒಂದೇ. ಉದಾಸಿಯಂಥ ಹಳೆಯ ಹುಲಿಯೂ ಹಾನಗಲ್ಲಿನಲ್ಲಿ ಸೋತರು.

ಶೇ. 6 ಮತ, 2 ಸ್ಥಾನ ಬಂದರೆ ರಾಜ್ಯ ಪಕ್ಷದ ಮಾನ್ಯತೆಗೆ ಅರ್ಹತೆ ಸಿಗುತ್ತದೆ. ಆ ಗೆರೆಯನ್ನು ಕೆಜೆಪಿ ದಾಟಿತ್ತು. ಆದರೂ 2014ರ ಜನವರಿಗೆ ಯಡಿಯೂರಪ್ಪ ಬಿಜೆಪಿಗೆ ಮರಳಿದರು. ಆರು ಶಾಸಕರಿದ್ದಲ್ಲಿ ವಿಲೀನಕ್ಕೆ ನಾಲ್ವರ ಒಪ್ಪಿಗೆ ಬೇಕು, ಲೆಕ್ಕ ಅಷ್ಟೇ. ಹಿರೇಕೆರೂರಿನಲ್ಲಿ ಗೆದ್ದಿದ್ದ ಯು.ಬಿ. ಬಣಕಾರ 2018ರಲ್ಲಿ ಕಮಲದ ಗುರುತಿನಲ್ಲಿ ನಿಂತು ಸೋತರು, 2023ರಲ್ಲಿ ಹಸ್ತದ ಗುರುತಿನಲ್ಲಿ ಗೆದ್ದರು. ಹತ್ತು ವರ್ಷದಲ್ಲಿ ಅವರ ಬೂತಿನ ಹುಡುಗರು ಮೂರು ಗುರುತಿನ ಮಾದರಿ ಮತಪತ್ರ ಹಿಡಿದು ಅವೇ ಮನೆಗಳ ಬಾಗಿಲು ತಟ್ಟಬೇಕಾಯಿತು.

ನಮಸ್ಕಾರ.