ವಿಮೆಯ ಕಾಗದ ಓದಿ ಹೇಳುವವರು ಯಾರು?

ಕೇಳುಗರಿಗೆ ನಮಸ್ಕಾರ.

ಕೇರಳ ಸರಕಾರ 2022ರ ಜುಲೈ 1ರಂದು ತನ್ನ ನೌಕರರ ಮತ್ತು ನಿವೃತ್ತರ ಆರೋಗ್ಯ ವಿಮೆಯಾದ ಮೆಡಿಸೆಪ್ ಜಾರಿಗೆ ತಂದಾಗ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ನಿವೃತ್ತ ಮಾಸ್ತರರಿಗೆ ಬೇಕು, ಬೇಡ ಎನ್ನುವ ಅವಕಾಶವಿರಲಿಲ್ಲ. ಆಗ ತಿಂಗಳಿಗೆ 500 ರೂಪಾಯಿ ಕಡಿತ, ವರ್ಷಕ್ಕೆ 3 ಲಕ್ಷದವರೆಗೆ ಚಿಕಿತ್ಸೆ. ವಿಮೆ ಕಡ್ಡಾಯ ಎಂದೊಡನೆ ನಮ್ಮ ಕಾಯಿಲೆ ಇನ್ನು ಊರಿಗೆಲ್ಲ ಗೊತ್ತಾಗುತ್ತದೆಂಬ ಭಯ ಹುಟ್ಟುವುದು ಸಹಜ.

ಆಸ್ಪತ್ರೆಯಲ್ಲಿ ಹಣ ಕಟ್ಟದೆ ಚಿಕಿತ್ಸೆ ಪಡೆಯಬೇಕಾದರೆ ರೋಗದ ಹೆಸರು, ಪರೀಕ್ಷೆಯ ವರದಿ, ಖರ್ಚಿನ ಅಂದಾಜು ವಿಮಾ ಕಂಪೆನಿಗೆ ಹೋಗಲೇಬೇಕು. ಅದಿಲ್ಲದೆ ಮಂಜೂರಾತಿ ಬಾರದು. ಹಾಗೆಂದು ಕಂಡಕಂಡವರಿಗೆ ಅದನ್ನು ಹಂಚುವ ಅಧಿಕಾರ ಕಂಪೆನಿಗಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಎಚ್‌ಐವಿ ಸೋಂಕು, ಮಾನಸಿಕ ಕಾಯಿಲೆ ಇವೆರಡರ ಗೌಪ್ಯತೆಗಂತೂ ಪ್ರತ್ಯೇಕ ಕಾಯಿದೆಗಳೇ ಇವೆ.

ಆದರೂ ಹೆದರಿ ಸಕ್ಕರೆ ಕಾಯಿಲೆಯನ್ನು ಮುಚ್ಚಿಡುವವರಿದ್ದಾರೆ. ದಯವಿಟ್ಟು ಬೇಡ. ಸ್ವಂತ ದುಡ್ಡಿನಲ್ಲಿ ಕೊಂಡ ಪಾಲಿಸಿಯಾದರೆ ಕ್ಲೇಮು ತಳ್ಳಿಹಾಕಲು ಅದೇ ಕಾರಣವಾದೀತು. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆಯಿರುವಾಗ ಮುಚ್ಚಿಡುವ ಅಗತ್ಯವೇ ಇಲ್ಲ. ನಿಮ್ಮ ಆರೋಗ್ಯ ದಾಖಲೆಗಳನ್ನು ಆನ್‌ಲೈನಿನಲ್ಲಿ ಜೋಡಿಸುವ 14 ಅಂಕಿಗಳ ಆಭಾ ಸಂಖ್ಯೆ ಮಾಡಿಸುವುದು ನಿಮ್ಮ ಇಚ್ಛೆಗೆ ಬಿಟ್ಟದ್ದು. ಅದರ ಮೂಲಕ ದಾಖಲೆ ತೋರಿಸಲು ನಿಮ್ಮ ಒಪ್ಪಿಗೆ ಬೇಕು.

ನನ್ನ ಚಿಂತೆಯಿರುವುದು ಆ ಒಪ್ಪಿಗೆಯ ಬಗ್ಗೆಯೇ. ಕಾಸರಗೋಡಿನ ಕನ್ನಡಿಗರ ಕೈಗೆ ಬರುವ ಕಾಗದ ಹೆಚ್ಚಾಗಿ ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿರುತ್ತದೆ. ಕನ್ನಡ ಮಾತ್ರ ಓದಬಲ್ಲ ಹಿರಿಯರು ಅದನ್ನು ನೆರೆಮನೆಯ ಹುಡುಗನಿಗೆ ತೋರಿಸುತ್ತಾರೆ, ಇಲ್ಲವೇ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಸೊಸೆಯ ಗರ್ಭಕೋಶದ ತೊಂದರೆ, ಮಗನ ಮನಸ್ಸಿನ ಕಾಯಿಲೆ ಹೊರಗೆ ಹೋಗುವುದು ಹೀಗೆ. ಆಮೇಲೆ ಮದುವೆಯ ಮಾತುಕತೆಯೂ ನಿಲ್ಲಬಹುದು. ಓದಲಾಗದ ಕಾಗದಕ್ಕೆ ಹಾಕಿದ ರುಜುವನ್ನು ಒಪ್ಪಿಗೆಯೆಂದು ನಾನಂತೂ ಕರೆಯಲಾರೆ.

1969ರ ಕೇರಳದ ಅಧಿಕೃತ ಭಾಷಾ ಕಾಯಿದೆಯಂತೆ ಇಲ್ಲಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ಆ ಹಕ್ಕು ಚಿಕಿತ್ಸೆಯ ಸಮ್ಮತಿಪತ್ರದವರೆಗೂ ಬರಬೇಕು. ಕನ್ನಡದ ಫಾರಂ ಬೇಕೆಂದು ಅರ್ಜಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಅಲ್ಲಿಯವರೆಗೆ ಓದಿಸಲೇಬೇಕಾದರೆ ಮನೆಯವರಿಂದ ಇಲ್ಲವೇ ಆಸ್ಪತ್ರೆಯ ನರ್ಸಿನಿಂದ ಓದಿಸಿ. ಕೌಂಟರಿನಲ್ಲಿ ಹತ್ತು ಜನರ ನಡುವೆ ಏನು ಕಾಯಿಲೆಯೆಂದು ಗಟ್ಟಿಯಾಗಿ ಕೇಳಿದರೆ, ಚೀಟಿಯಲ್ಲಿ ಬರೆದು ಕೊಡುತ್ತೇನೆ ಎನ್ನಿ.

ನಮಸ್ಕಾರ.